ಕಸ್ತೂರಿ ಮೌಶಿ ಮುಟ್ಟದ ಕಾಲು

ಇದರಲ್ಲಿ ಕೆಲವನ್ನು ನಾನು ತಪ್ಪಾಗಿ ನೆನಪಿಟ್ಟುಕೊಂಡಿರಬಹುದು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತವಳು ನಾನೋ ನನ್ನ ಮಗಳೋ ಎಂಬ ವಾದ ಮನೆಯಲ್ಲಿ ಇನ್ನೂ ಮುಗಿದಿಲ್ಲ. ಅದು ದೊಡ್ಡ ವಿಷಯವೂ ಅಲ್ಲ. ಆದರೆ ಒಂದು ಎಣ್ಣೆಯ ಬಟ್ಟಲಿದೆ. ನಾನು ಎಂ.ಎ. ಓದುತ್ತಿದ್ದಾಗ ನನ್ನ ಅವ್ವ ತನ್ನ ತಂಗಿ, ಅಂದರೆ ನನ್ನ ಮೌಶಿ ಕಸ್ತೂರಿಯ ಮನೆಯಲ್ಲಿ, ಸಂಭಾಜಿನಗರದಲ್ಲಿ ತೀರಿಕೊಂಡಳು. ಆ ದಿನ ಅವಳ ಮಂಚದ ಕೆಳಗೆ ಒಂದು ಎಣ್ಣೆಯ ಬಟ್ಟಲಿತ್ತು ಎಂದು ನನ್ನ ನೆನಪು. ಒಮ್ಮೆ ಅದು ಸ್ಟೀಲಿನದಾಗಿ ಕಾಣುತ್ತದೆ, ಇನ್ನೊಮ್ಮೆ ಹಿತ್ತಾಳೆಯದಾಗಿ. ಹೀಗೆ ಬಣ್ಣ ಬದಲಿಸುವ ಬಟ್ಟಲು ನಿಜಕ್ಕೂ ಅಲ್ಲಿತ್ತೋ, ಅಥವಾ ನನ್ನ ಕಾಲಿಗೆ ಆಗಿದ್ದೆಲ್ಲ ಆದ ಮೇಲೆ ಭಯವೇ ಅದನ್ನು ಅಲ್ಲಿ ತಂದಿಟ್ಟಿತೋ, ನನಗೆ ಹೇಳಲಾಗುವುದಿಲ್ಲ. ದಿನಚರಿ ಬರೆಯುವ ಅಭ್ಯಾಸ ನನಗೆ ಕಾಲೇಜಿನಿಂದ ಇದೆ. ಆದರೆ ಅವ್ವ ತೀರಿಹೋದ ಆ ತಿಂಗಳು ನಾನು ಏನೂ ಬರೆದಿರಲಿಲ್ಲ.

ನಾವು ಭಾಲ್ಕಿ ಕಡೆಯವರು. ಗಂಡ ಶಿವರಾಜರ ತಂದೆ ನಾಸಿಕಕ್ಕೆ ಬಂದು ಹಾಕಿದ ಅಂಗಡಿಯನ್ನು ಈಗ ನಾವಿಬ್ಬರೂ ನಡೆಸುತ್ತೇವೆ. ಮ್ಯಾಚಿಂಗ್ ಸೆಂಟರ್. ಬ್ಲೌಸ್ ಪೀಸು, ಲೈನಿಂಗು, ಸೀರೆಯ ಫಾಲ್ ಮಾರುತ್ತೇವೆ. ಮೂಲೆಯಲ್ಲಿ ಫಾಲ್ ಹೊಲಿದು ಸೀರೆಯ ಅಂಚಿಗೆ ಪೀಕೊ ಹೊಲಿಗೆ ಹಾಕುವ ಒಂದು ಯಂತ್ರವಿದೆ. ನಮ್ಮ ಕೆಲಸವೆಂದರೆ ಗಿರಾಕಿ ತಂದ ಸೀರೆಯನ್ನು ಬಾಗಿಲ ಬೆಳಕಿಗೆ ಒಯ್ದು ಅದಕ್ಕೆ ಹೊಂದುವ ಬಣ್ಣ ಹುಡುಕುವುದು. ಈ ಕೆಲಸ ಕೂತು ಮಾಡುವಂಥದ್ದಲ್ಲ. ಅದೂ ಅಲ್ಲದೆ ಅತ್ತೆಯದೊಂದು ಕಟ್ಟಳೆ ಇತ್ತು. "ಗಿರಾಕಿ ನಿಂತಾರ, ನೀ ಕೂತೀದಿ ಅಂದ್ರ ಅವರಿಗಿ ಹ್ಯಾಂಗ ಅನಸ್ಬೇಕು?" ಹೀಗಾಗಿ ನಮ್ಮ ಅಂಗಡಿಯ ಒಳಬದಿಯಲ್ಲಿ ಎಂದೂ ಒಂದು ಸ್ಟೂಲ್ ಇರಲಿಲ್ಲ. ಅತ್ತೆಯೇ ಮೂವತ್ತು ವರ್ಷ ಹಾಗೆ ನಿಂತವರು. ಅವರ ಕಾಲಿಗೆ ಏನೂ ಆಗಲಿಲ್ಲ ಎಂಬುದನ್ನು ಅವರು ನನಗೆ ಆಗಾಗ ನೆನಪಿಸುತ್ತಿದ್ದರು.

ನನ್ನ ಎಡಗಾಲಿನ ಮೀನಖಂಡದ ಮೇಲೆ ನರಗಳು ಎದ್ದದ್ದು ಮಗಳು ಶ್ರೇಯಾ ಹುಟ್ಟಿದ ಮೇಲೆ. ಮೊದಲು ತೆಳುವಾಗಿ, ನೇವಿ ಬ್ಲೂ ದಾರದಂತೆ. ಕೆಲವು ವರ್ಷಗಳಲ್ಲಿ ಅವು ದಪ್ಪಗಾಗಿ, ಸುರುಳಿ ಸುತ್ತಿಕೊಂಡು, ನಾವು ಅಂಗಡಿಯಲ್ಲಿ ಮೋರಪಂಖಿ ಎನ್ನುವ ನವಿಲುಬಣ್ಣಕ್ಕೆ ತಿರುಗಿದವು. ಬಣ್ಣದ ಹೆಸರು ಗೊತ್ತಿದ್ದರೆ ವಸ್ತುವೇ ಗೊತ್ತಾದಂತೆ ಎಂಬುದು ನಮ್ಮ ವ್ಯಾಪಾರದ ಭ್ರಮೆ. ಸೀರೆ ಉಡುವವರಿಗೆ ಮುಚ್ಚಿಡುವುದು ಕಷ್ಟವಲ್ಲ. ಗಂಡನಿಗೂ ಸರಿಯಾಗಿ ತೋರಿಸಿರಲಿಲ್ಲ. ತೋರಿಸದಿರಲು ನಾಚಿಕೆ ಒಂದೇ ಕಾರಣವಾಗಿರಲಿಲ್ಲ. ಅವ್ವನ ಕಾಲು ಹೀಗೇ ಇತ್ತು. ಚಿಕ್ಕವಳಿದ್ದಾಗ ಅವಳು ರೊಟ್ಟಿ ಬಡಿಯಲು ಕೂತಾಗ ಹಿಂದಿನಿಂದ ಹೋಗಿ ಆ ಉಬ್ಬುಗಳನ್ನು ಬೆರಳಿನಿಂದ ಒತ್ತುತ್ತಿದ್ದೆ. ಒತ್ತಿದರೆ ಒಳಗೆ ಹೋಗಿ, ಬಿಟ್ಟರೆ ಮತ್ತೆ ಏಳುತ್ತಿದ್ದವು. ನನ್ನ ಕಾಲಿನಲ್ಲೂ ಹಾಗೇ ಆಗುವುದನ್ನು ಕಂಡ ದಿನ ಸ್ನಾನದ ಮನೆಯಲ್ಲಿ ಬಹಳ ಹೊತ್ತು ನಿಂತಿದ್ದೆ.

ಅವ್ವನಿಗೆ ಗರ್ಭಕೋಶದ ಆಪರೇಶನ್ ಆಗಿತ್ತು. ಆರೈಕೆಗೆಂದು ಮೌಶಿ ತನ್ನ ಮನೆಗೆ ಕರೆದೊಯ್ದಿದ್ದಳು. ಗಾಯವೆಲ್ಲ ಒಣಗಿತ್ತು, ಊಟ ಸೇರುತ್ತಿತ್ತು. ಒಂದು ಮಧ್ಯಾಹ್ನ ಮಂಚದಿಂದ ಎದ್ದು ಬಚ್ಚಲಿಗೆ ಹೋಗುವಾಗ ಏದುಸಿರು ಬಂದು ಬಿದ್ದಳು. ಅಷ್ಟೇ. ಹಾರ್ಟ್ ಫೇಲ್ ಎಂದರು. ಎಲ್ಲರೂ ಅದನ್ನೇ ಹೇಳಿದರು, ನಾನೂ ಇಷ್ಟು ವರ್ಷ ಕೇಳಿದವರಿಗೆ ಅದನ್ನೇ ಹೇಳಿದೆ.

ನಾಸಿಕದ ಡಾಕ್ಟರರ ಬಳಿ ಹೋಗಲು ನೆವವಾದದ್ದು ಸಂಜೆಯ ಭಾರ. ಅಂಗಡಿ ಮುಚ್ಚುವ ಹೊತ್ತಿಗೆ ಕಾಲು ನೆನೆದ ಗಾದಿಯಂತೆ ಆಗುತ್ತಿತ್ತು. ಅವರು ನಿಲ್ಲಿಸಿ ನೋಡಿದರು, ಕೂಡಿಸಿ ನೋಡಿದರು, ಮೇಲೆ ಹೋಗಬೇಕಾದ ರಕ್ತ ಕೆಳಗೇ ನಿಲ್ಲುತ್ತಿದೆ ಎಂದರು. ಸದ್ಯಕ್ಕೆ ಮೊಣಕಾಲಿನವರೆಗಿನ ಬಿಗಿ ಕಾಲುಚೀಲ ಹಾಕಿ, ಆಮೇಲೆ ಕೆಟ್ಟ ನರ ಮುಚ್ಚುವ ಲೇಸರ್ ಬಗ್ಗೆ ಮಾತಾಡೋಣ ಎಂದು ಹೇಳಿ ಕಳಿಸಿದರು. ಅಳತೆ ಕೊಡಲು ಮರುದಿನ ಬೆಳಿಗ್ಗೆ ಬನ್ನಿ ಎಂದೂ ಅಂದಿದ್ದರಂತೆ. ಶಿವರಾಜರಿಗೆ ನೆನಪಿದೆ, ನನಗಿಲ್ಲ. ಅಳತೆ ತೆಗೆಯಲು ನನಗೆ ಇನ್ನೊಬ್ಬರು ಬೇಕೇ? ಅದೇ ದಿನ ಅಂಗಡಿ ಮುಚ್ಚಿದ ಮೇಲೆ ನನ್ನ ಟೇಪಿನಿಂದ ನಾನೇ ಸುತ್ತಳತೆ ತೆಗೆದುಕೊಂಡು ಮೆಡಿಕಲ್ ಅಂಗಡಿಯಿಂದ ಚೀಲ ತಂದೆ.

ಸಂಜೆಯ ಕಾಲು ಬೆಳಗಿನ ಕಾಲಿಗಿಂತ ದಪ್ಪ ಎಂಬುದು ಹೊಳೆಯಲಿಲ್ಲ. ಬೆಳಿಗ್ಗೆ ಹಾಕಿಕೊಂಡರೆ ಮಧ್ಯಾಹ್ನದೊಳಗೆ ಚೀಲ ಜಾರಿ ಪಾದದ ಮೇಲೆ ಮುದ್ದೆಯಾಗುತ್ತಿತ್ತು. ಬಟ್ಟೆ ಜಾರಿದರೆ ನಾವು ಅಂಗಡಿಯವರು ಏನು ಮಾಡುತ್ತೇವೋ ನಾನೂ ಅದನ್ನೇ ಮಾಡಿದೆ. ಮೇಲಿನ ಅಂಚನ್ನು ಮಡಚಿ, ಒಳಗೆ ಅಗಲ ಇಲಾಸ್ಟಿಕ್ ಸೇರಿಸಿ, ಯಂತ್ರದ ಮೇಲೆ ಎರಡು ಸುತ್ತು ಹೊಲಿಗೆ ಹಾಕಿದೆ.

"ಅದು ಡಾಕ್ಟರ್ ಹೇಳಿದ ವಸ್ತು ಅದ, ಲಂಗ-ಪರಕಾರ ಅಲ್ಲ" ಎಂದರು ಶಿವರಾಜ.

"ಫಿಟಿಂಗ್ ಬರಲಿಲ್ಲಂದ್ರ ವಾಪಸ್ ತಗೋತಾರೇನ್ರಿ?" ಎಂದೆ. ಹೊಲಿಗೆ ಬಹಳ ಅಚ್ಚುಕಟ್ಟಾಗಿ ಬಂದಿತ್ತು. ಅವರಿಗೆ ತೋರಿಸಿ ಹೊಗಳಿಸಿಕೊಂಡೆ ಕೂಡ.

ಆ ಚೀಲವನ್ನು ಹಾಕಿಕೊಂಡೇ ಸಂಭಾಜಿನಗರಕ್ಕೆ ಹೊರಟೆ. ಮೌಶಿಯ ಮಗ ವಾಳೂಜ್‌ನ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಅವನ ಹೊಸ ಫ್ಲ್ಯಾಟಿನ ಗೃಹಪ್ರವೇಶವಿತ್ತು. ನನ್ನ ಜೊತೆ ಶ್ರೇಯಾ ಮಾತ್ರ ಬಂದಳು. ಯೇವಲಾ ದಾಟುವಾಗಲೇ ಮೊಣಕಾಲಿನ ಕೆಳಗೆ ಏನೋ ಕೊರೆಯುತ್ತಿದೆ ಅನಿಸಿತು. ವೈಜಾಪುರದ ಸ್ಟ್ಯಾಂಡಿನಲ್ಲಿ ಬಸ್ಸು ಚಹಾಕ್ಕೆ ನಿಂತಾಗ ಇಳಿಯಲು ಹೋದರೆ ಎಡಗಾಲನ್ನು ನೆಲಕ್ಕೆ ಊರಲಾಗಲಿಲ್ಲ. ಅಲ್ಲೇ ಸೀಟಿನಲ್ಲಿ ಕೂತು ಶ್ರೇಯಾ ನನ್ನ ಕಾಲುಚೀಲ ಇಳಿಸಿದಳು. ಇಲಾಸ್ಟಿಕ್ ಕೂತ ಜಾಗದಲ್ಲಿ ಬೆರಳು ಹಿಡಿಸುವಷ್ಟು ಗುಂಡಿ ಬಿದ್ದಿತ್ತು. ಅದರ ಮೇಲೆ ತೊಡೆಯ ಒಳಬದಿಯವರೆಗೆ ನರ ಕೆಂಪಗೆ, ಹಗ್ಗದಂತೆ ಗಟ್ಟಿಯಾಗಿತ್ತು.

"ಮಮ್ಮಿ, ಥಾಂಬ, ಮುಟ್ಟಬ್ಯಾಡ" ಎಂದಳು ಶ್ರೇಯಾ. ಅವಳಿಗೆ ಕನ್ನಡ ತಿಳಿಯುತ್ತದೆ, ಆಡುವುದು ಕಡಿಮೆ. ಹೆದರಿದಾಗ ಕನ್ನಡ, ಮರಾಠಿ ಎರಡೂ ಒಟ್ಟಿಗೆ ಬರುತ್ತವೆ. "ಇದು ನಾರ್ಮಲ್ ಇಲ್ಲ. ಪಪ್ಪಾಗ ಫೋನ್ ಮಾಡ್ತೀನಿ."

"ಬ್ಯಾಡ. ಮೌಶಿ ಮನಿಗಿ ಹೋದ್ರ ಆಯ್ತು. ಅಕಿ ಕೈ ಬಿದ್ರ ಇಳೀತದ."

ಇದನ್ನು ನಾನು ಹೇಳಿದ್ದು ಖಂಡಿತ. ನಮ್ಮ ಇಡೀ ಬಳಗದಲ್ಲಿ ಎಲ್ಲರೂ ಹೇಳುವ ಮಾತದು. ಕಸ್ತೂರಿ ಮೌಶಿಯ ಕೈ. ಯಾರಿಗೆ ಬೆನ್ನು ಹಿಡಿಯಲಿ, ಯಾರ ಕೂಸು ಅಳಲಿ, ಅವಳು ಔಡಲ ಎಣ್ಣೆಯನ್ನು ಬೆಚ್ಚಗೆ ಮಾಡಿಕೊಂಡು ಕೂತರೆ ಮುಗಿಯಿತು. ನನ್ನ ಬಾಣಂತನದಲ್ಲೂ ಅವಳೇ ಬಂದು ಎಣ್ಣೆ ನೀರು ಹಾಕಿದ್ದಳು. ತಲೆಗೆ ತಟ್ಟಿದ್ದು, ಬೆನ್ನಿಗೆ ತಿಕ್ಕಿದ್ದು ನೆನಪಿದೆ. ಕಾಲಿಗೆ ತಿಕ್ಕಿದ್ದಳೇ? ಎಷ್ಟು ಯೋಚಿಸಿದರೂ ಅದೊಂದು ನೆನಪಾಗುವುದಿಲ್ಲ.

ಮೌಶಿಯ ಮನೆ ಮುಟ್ಟಿದಾಗ ಅವಳು ಅಡುಗೆಮನೆಯಲ್ಲಿ ಹೋಳಿಗೆಗೆ ಹೂರಣ ರುಬ್ಬುತ್ತಿದ್ದಳು. ಕಾಲು ನೋವು ಎಂದದ್ದೇ ತಡ, ಕೈ ತೊಳೆದು ಎಣ್ಣೆ ಕಾಸಿಕೊಂಡು ಬಂದಳು. "ನಾಸಿಕದಾಗ ಕೂಡಲಾಕ ಕುರ್ಚಿ ಸಿಗಂಗಿಲ್ಲೇನ್ ನಿಮ್ಗ? ನಿಮ್ಮತ್ತಿಗಿ ಹೇಳು, ಸೊಸಿಯಂದ್ರ ಕಂಬ ಅಲ್ಲ ಅಂತ." ನಗುತ್ತಾ ನನ್ನ ಎದುರು ಚಾಪೆಯ ಮೇಲೆ ಕೂತಳು. ನಾನು ಸೀರೆ ಮೇಲೆತ್ತಿ ಕಾಲು ಚಾಚಿದೆ. ನರಗಳು ಎದ್ದ ಮೇಲೆ ಅವಳಿಗೆ ಕಾಲು ತೋರಿಸಿದ್ದು ಅದೇ ಮೊದಲು.

ಎಣ್ಣೆಯಲ್ಲಿ ಅದ್ದಿದ ಅವಳ ಬೆರಳು ಹಾಗೇ ನಿಂತವು. ಅವಳು ನರವನ್ನು ನೋಡಲಿಲ್ಲ, ಊದಿದ ಹರಡಿನ ಕೀಲನ್ನು ನೋಡಲಿಲ್ಲ, ಇಡೀ ಕಾಲನ್ನು ನೋಡಿದಳು. ಆಮೇಲೆ ಕೈಯನ್ನು ತನ್ನ ಸೆರಗಿಗೆ ಒರೆಸಿಕೊಂಡಳು. ಸೆರಗಿಗೆ ಎಣ್ಣೆ ತಾಗಿಸುವ ಹೆಂಗಸಲ್ಲ ಅವಳು.

"ಇದಕ್ಕ ನಾ ಕೈ ಹಚ್ಚಂಗಿಲ್ಲ" ಎಂದಳು.

"ಯಾಕ ಮೌಶಿ?"

"ಶ್ರೇಯಾ, ರಿಕ್ಷಾ ಕರಿ. ದವಾಖಾನಿಗಿ ಹೋಗಮ್ಮು."

ಮನೆ ತುಂಬ ನೆಂಟರಿದ್ದರು, ಹೂರಣ ಅರ್ಧವೇ ರುಬ್ಬಿಯಾಗಿತ್ತು. ಅವಳು ಸೀರೆ ಕೂಡ ಬದಲಿಸಲಿಲ್ಲ. ರಿಕ್ಷಾದಲ್ಲಿ ನನ್ನ ಕೈ ಹಿಡಿದುಕೊಂಡಿದ್ದಳು, ಆದರೆ ಮುಖ ಹೊರಗಿತ್ತು. ಎಣ್ಣೆಯ ವಾಸನೆ ನಮ್ಮ ಜೊತೆಗೇ ಬಂತು. ನನ್ನ ನಿಜವಾದ ಭಯ ಶುರುವಾದದ್ದು ಅಲ್ಲಿ. ವೈಜಾಪುರದಲ್ಲಿ ನನಗೆ ನೋವಿತ್ತು, ಗಾಬರಿಯಿತ್ತು. ಆದರೆ ಎಲ್ಲರಿಗೂ ಕೈ ಹಚ್ಚುವ ಹೆಂಗಸು ನನಗೆ ಹಚ್ಚುವುದಿಲ್ಲ ಎಂದಾಗ, ನನ್ನ ಕಾಲಿನಲ್ಲಿ ಅವಳಿಗೆ ಕಂಡದ್ದು ಏನು ಎಂದು ಕೇಳುವ ಧೈರ್ಯವೂ ಉಳಿಯಲಿಲ್ಲ.

ರಕ್ತನಾಳಗಳ ಡಾಕ್ಟರರ ಆಸ್ಪತ್ರೆಯಲ್ಲಿ ಉದ್ದನೆಯ ಬೆಂಚುಗಳಿದ್ದವು. ಎಲ್ಲರ ಸೀರೆ, ಪ್ಯಾಂಟು ಮೊಣಕಾಲಿನವರೆಗೆ ಮಡಚಿತ್ತು. ಇಷ್ಟು ವರ್ಷ ನಾನು ಮುಚ್ಚಿಟ್ಟದ್ದನ್ನು ಇಷ್ಟು ಜನ ಬಿಚ್ಚಿಟ್ಟುಕೊಂಡು, ಮೊಬೈಲ್ ನೋಡುತ್ತಾ, ಬಿಸ್ಕತ್ತು ತಿನ್ನುತ್ತಾ ಕೂತಿದ್ದರು. ಅದೊಂದು ವಿಚಿತ್ರ ಸಮಾಧಾನ. ನನ್ನ ಪಕ್ಕ ಕೂತವಳ ಹರಡಿನ ಬಳಿ ಪಟ್ಟಿ ಕಟ್ಟಿತ್ತು. ನಮ್ಮ ಮಾತು ಕೇಳಿ ಕನ್ನಡದಲ್ಲೇ ಶುರು ಮಾಡಿದಳು. "ಬೀದರ ಕಡಿಯವರೇನ್ರಿ? ನಾ ಅಫಜಲಪುರದಾಕಿ, ಭೀಮವ್ವ. ಇಲ್ಲಿ ಬಿಲ್ಡಿಂಗ್ ಕೆಲಸಕ್ಕ ಬಂದೀವಿ." ನನ್ನ ಕಾಲನ್ನು ಬಗ್ಗಿ ನೋಡಿದಳು. "ನಿಮ್ದೇನ್ರಿ, ದಾರ ಇದ್ದಂಗ ಅದ. ನನ್ನ ನರ ನೋಡ್ರಿ, ಎಮ್ಮಿ ಕಟ್ಟಬಹುದು."

ನಾನು ನಕ್ಕೆ. ನಗು ಬಂದದ್ದೇ ಆಶ್ಚರ್ಯ.

"ಹುಣ್ಣಾಗಿ ಭಾಳ ದಿನ ಆಯ್ತು" ಎಂದು ಭೀಮವ್ವ ಮೌಶಿಯ ಕಡೆ ತಿರುಗಿದಳು. "ನಮ್ಮೋಣ್ಯಾಗ ಒಬ್ಬಾಕಿ ಇದ್ದಾಳ್ರಿ. ಎಣ್ಣಿ ಹಚ್ಚಿ ಜೋರ್ ತಿಕ್ಕಿ ಕೆಟ್ಟ ರಗತ ಇಳಿಸ್ತೀನಿ ಅಂತಾಳ."

"ತಿಕ್ಕಲಾಕ ಕೊಡಬ್ಯಾಡ" ಎಂದಳು ಮೌಶಿ. ಬೆಂಚಿನ ಆ ತುದಿಯಲ್ಲಿದ್ದವರೂ ತಿರುಗಿ ನೋಡುವಷ್ಟು ಗಟ್ಟಿಯಾಗಿ ಹೇಳಿದಳು. ಮತ್ತೆ ತಗ್ಗಿದ ದನಿಯಲ್ಲಿ, "ಯಾರಿಗೂ ಕೊಡಬ್ಯಾಡವ್ವ" ಎಂದಳು.

ಸ್ಕ್ಯಾನ್ ಮಾಡುವ ಹುಡುಗಿ ಹಚ್ಚುವ ಅಂಟುದ್ರವ ತಣ್ಣಗಿರುತ್ತದೆ ಎಂದು ಅದರ ಬಾಟಲಿಯನ್ನು ಅಂಗೈಯಲ್ಲಿ ಉಜ್ಜಿ ಬೆಚ್ಚಗೆ ಮಾಡಿದಳು. ಆ ದಿನ ಯಾರ್ಯಾರೋ ನನಗಾಗಿ ಮಾಡಿದ ಸಣ್ಣ ಕೆಲಸಗಳಲ್ಲಿ ಅದನ್ನು ಮರೆಯಲಾರೆ. ಯಂತ್ರದಿಂದ ಉಸಿರಿನಂಥ ಸದ್ದು ಬರುತ್ತಿತ್ತು. ತೊಡೆಯ ಬಳಿ ಒಂದು ಕಡೆ ಆ ಸದ್ದು ನಿಂತಿತು. ಹುಡುಗಿ ಅಲ್ಲೇ ಮತ್ತೆ ಒತ್ತಿದಳು. ಸದ್ದು ಬರಲಿಲ್ಲ. ಅವಳು ಡಾಕ್ಟರರನ್ನು ಕರೆಯಲು ಎದ್ದು ಹೋದಳು. ಬಾಗಿಲು ಮುಚ್ಚಿಕೊಂಡಿತು. ನಾನು ಮಲಗಿದಲ್ಲೇ ಅವ್ವನಂತೆ ಏದುಸಿರು ಬರುತ್ತಿದೆಯೇ ಎಂದು ಪರೀಕ್ಷಿಸುತ್ತಿದ್ದೆ. ಪರೀಕ್ಷಿಸಲು ಹೊರಟರೆ ಉಸಿರು ಕಡಿಮೆಯಾದಂತೆಯೇ ಅನಿಸುತ್ತದೆ.

ಡಾಕ್ಟರ್ ಮರಾಠಿಯವರು, ನಿಧಾನ ಮಾತು. ಚರ್ಮಕ್ಕೆ ಹತ್ತಿರದ ಮೇಲ್ಗಡೆಯ ನರದಲ್ಲಿ ರಕ್ತ ಹೆಪ್ಪುಗಟ್ಟಿದೆ, ಒಳಗಿನ ದೊಡ್ಡ ನರವನ್ನು ಸೇರುವ ಜಾಗಕ್ಕೆ ಸ್ವಲ್ಪ ಮುಂಚೆ ನಿಂತಿದೆ ಎಂದರು. ಅಲ್ಲಿಗೆ ದಾಟಿದರೆ ತುಂಡು ಕಳಚಿ ಶ್ವಾಸಕೋಶಕ್ಕೆ ಹೋಗಬಹುದು, ಉಸಿರೇ ನಿಲ್ಲಬಹುದು. ನನ್ನ ಇಲಾಸ್ಟಿಕ್ ಹೊಲಿಗೆಯನ್ನು ಎರಡೂ ಕೈಯಲ್ಲಿ ಎಳೆದು ನೋಡಿ, "ಒಳ್ಳೆ ಕೆಲಸಗಾರ್ತಿ ನೀವು" ಎಂದರು. ನಕ್ಕರೋ ಇಲ್ಲವೋ ನೆನಪಿಲ್ಲ. ಆಮೇಲೆ, "ಯಾರಾದರೂ ಮಾಲಿಶ್ ಮಾಡಿದ್ದಾರಾ?" ಎಂದು ಕೇಳಿದರು.

"ಇಲ್ಲ" ಎಂದೆ.

"ನಿಮ್ಮ ಪುಣ್ಯ. ತಿಕ್ಕಿದ್ದರೆ ಆ ತುಂಡು ಕಳಚಬಹುದಿತ್ತು."

ಮೌಶಿ ಗೋಡೆಗೆ ಒರಗಿ ನಿಂತಿದ್ದಳು. ಅವಳಿಗೆ ಮರಾಠಿ ನನಗಿಂತ ಚೆನ್ನಾಗಿ ಬರುತ್ತದೆ.

ಡಾಕ್ಟರರ ಮುಂದಿನ ಪ್ರಶ್ನೆ ಮನೆತನದ್ದು. ಅಮ್ಮನಿಗೆ, ಅಜ್ಜಿಗೆ ಹೀಗೆ ಆಗಿತ್ತೇ? ಕಾಲು ಬಾತು ಯಾರಾದರೂ ಇದ್ದಕ್ಕಿದ್ದಂತೆ ಹೋದದ್ದುಂಟೇ? ಉಂಟು ಎಂದಾದರೆ ರಕ್ತ ಬೇಗ ಹೆಪ್ಪುಗಟ್ಟುವ ಗುಣ ಮನೆತನದಲ್ಲಿರಬಹುದು, ನನ್ನ ಔಷಧಿಯ ಲೆಕ್ಕ ಬೇರೆಯಾಗಬಹುದು, ಈ ಹುಡುಗಿಯ ಬಗ್ಗೆಯೂ ಯೋಚಿಸಬೇಕು ಎಂದು ಶ್ರೇಯಾಳ ಕಡೆ ನೋಡಿದರು. ನಾನು ಮೌಶಿಯ ಮುಖ ನೋಡಿದೆ. ಅವ್ವನ ಕೊನೆಯ ದಿನಗಳನ್ನು ಕಂಡವರಲ್ಲಿ ಉಳಿದವಳು ಅವಳೊಬ್ಬಳೇ.

"ಹಾರ್ಟ್ ಫೇಲ್" ಎಂದಳು ಮೌಶಿ. "ಅಕಿಗಿ ಹಾರ್ಟ್ ಫೇಲ್ ಆಗಿತ್ತು."

ಡಾಕ್ಟರ್ ಬರೆದುಕೊಂಡರು.

ರಕ್ತ ತೆಳುವಾಗುವ ಔಷಧಿ ಶುರುವಾಯಿತು. ಗೃಹಪ್ರವೇಶ ನಾನಿಲ್ಲದೆ ನಡೆಯಿತು. ಶಿವರಾಜ ಬಂದು ನಮ್ಮನ್ನು ನಾಸಿಕಕ್ಕೆ ಕರೆದೊಯ್ದರು. ಆ ಔಷಧಿಯ ವಾರಗಳ ಬಗ್ಗೆ ಹೆಚ್ಚು ಬರೆಯಲಾರೆ. ಹೊರಗಿನಿಂದ ನೋಡಿದವರಿಗೆ ನಾನು ಮಾಮೂಲಿನಂತೆಯೇ ಇದ್ದೆ. ಆದರೆ ಮಂಚದಿಂದ ಎದ್ದು ಬಚ್ಚಲಿಗೆ ಹೋಗುವುದು ನನಗೆ ಒಂದು ಪ್ರಯಾಣವಾಯಿತು. ಅವ್ವ ಬಿದ್ದದ್ದು ಅಷ್ಟೇ ದೂರದ ನಡಿಗೆಯಲ್ಲಿ. ಪಾದ ನೆಲಕ್ಕೆ ಇಡುವ ಮುನ್ನ ಶ್ರೇಯಾಳನ್ನು ಕೂಗುತ್ತಿದ್ದೆ, ಏನೂ ಕೆಲಸವಿರದಿದ್ದರೂ. ಅವಳು "ಕಾಯ್ ಮಮ್ಮಿ?" ಎಂದರೆ, "ಏನಿಲ್ಲ, ಇದ್ದೀಯೋ ಇಲ್ಲೋ ಅಂತ" ಎನ್ನುತ್ತಿದ್ದೆ. ನಾನು ಇದ್ದೇನೋ ಇಲ್ಲವೋ ಎಂಬುದು ಅದರ ಅರ್ಥ ಎಂದು ಅವಳಿಗೂ ಗೊತ್ತಾಗಿತ್ತು. ಆಮೇಲಾಮೇಲೆ ಕರೆಯುವ ಮುಂಚೆಯೇ ಬಾಗಿಲಲ್ಲಿ ಬಂದು ನಿಲ್ಲುತ್ತಿದ್ದಳು.

ಅದೇ ವಾರಗಳಲ್ಲಿ ಅವ್ವನ ಮಂಚದ ಕೆಳಗಿನ ಆ ಎಣ್ಣೆಯ ಬಟ್ಟಲು ಕಾಣಿಸತೊಡಗಿತು. ಮೊದಲೂ ನೆನಪಿತ್ತೇ ಎಂದರೆ ಹೌದು ಎನ್ನಲು ಬಾಯಿ ಬರುವುದಿಲ್ಲ.

ಮರು ಸ್ಕ್ಯಾನಿನಲ್ಲಿ ಹೆಪ್ಪು ಮುಂದೆ ಹೋಗಿರಲಿಲ್ಲ, ಕರಗುತ್ತಾ ಬಂದಿತ್ತು. ಕೆಲವು ತಿಂಗಳ ನಂತರ ನಾಸಿಕದಲ್ಲೇ ಲೇಸರ್ ಮಾಡಿದರು. ಮೊದಲು ನನ್ನನ್ನು ನಿಲ್ಲಿಸಿ, ದರ್ಜಿ ಬಟ್ಟೆಯ ಮೇಲೆ ಗೀಟು ಹಾಕುವ ಹಾಗೆ, ಹಸಿರು ಪೆನ್ನಿನಿಂದ ನರಗಳ ಮೇಲೆ ಗುರುತು ಹಾಕಿದರು. ಕತ್ತರಿ ಹಾಕುವವರ ಮುಂದೆ ಬಟ್ಟೆಗೆ ಹೇಗನಿಸಬಹುದು ಎಂದು ಗೊತ್ತಾಯಿತು. ಎಚ್ಚರವಿದ್ದೆ. ತೊಡೆಯುದ್ದಕ್ಕೂ ಚುಚ್ಚುವ ಸೂಜಿಗಳೇ ಹೆಚ್ಚು ನೋವು, ಲೇಸರ್ ಅಲ್ಲ. ನರ್ಸ್ ನನ್ನ ಇನ್ನೊಂದು ಕಾಲಿನ ಮೇಲೆ ಚಾದರ ಹೊದಿಸಿ, ಅದರ ಅಂಚನ್ನು ನನ್ನ ಕೈಗೆ ಕೊಟ್ಟಳು, ಹಿಡಿದುಕೊಳ್ಳಲಿ ಎಂದು. ಅದರ ಹೊಲಿಗೆಯನ್ನು ಬೆರಳಿನಿಂದ ಹುಡುಕುತ್ತಾ ಮಲಗಿದ್ದೆ. ಮುಗಿದ ಮೇಲೆ ಎದ್ದು ನಡೆಯಿರಿ ಎಂದರು. ನಡೆದೆ. ಏನೂ ಆಗಲಿಲ್ಲ. ಕಾರಿಡಾರಿನ ತುದಿಯಲ್ಲಿ ನಿಂತು ಅತ್ತುಬಿಟ್ಟೆ.

ಅತ್ತೆ ಅಂಗಡಿಗೆ ಎರಡು ಎತ್ತರದ ಸ್ಟೂಲ್ ತರಿಸಿದ್ದಾರೆ. ಒಂದು ಒಳಗೆ, ಒಂದು ಹೊರಗೆ. "ಗಿರಾಕಿನೂ ಕೂಡ್ಲಿ, ನೀನೂ ಕೂಡು. ಇಬ್ಬರೂ ಕೂತ ಮ್ಯಾಗ ಯಾರಿಗೇನ್ ಬ್ಯಾಸರ?" ಕಟ್ಟಳೆಯನ್ನು ಮುರಿಯದೆ ಬಗ್ಗಿಸುವ ಅವರ ಬುದ್ಧಿಗೆ ಶರಣು.

ಲೇಸರ್ ಆದ ಮೇಲೆ ಮೌಶಿ ಒಂದಿಷ್ಟು ದಿನ ನಮ್ಮಲ್ಲಿ ಬಂದು ಇದ್ದಳು. ಹೊಸ ಕಾಲುಚೀಲವನ್ನು ಈ ಸಲ ಬೆಳಿಗ್ಗೆ, ಪಾದ ನೆಲಕ್ಕೆ ಊರುವ ಮುಂಚೆ ಅಳತೆ ಕೊಟ್ಟು ತಂದಿದ್ದೆವು. ಹಾಕಿಕೊಳ್ಳುವುದೂ ಹಾಗೇ, ಹಾಸಿಗೆಯಲ್ಲಿದ್ದಾಗಲೇ. ಬಹಳ ಬಿಗಿ, ಒಬ್ಬಳಿಗೇ ಆಗುವುದಿಲ್ಲ. ಮೊದಲ ದಿನಗಳಲ್ಲಿ ಶ್ರೇಯಾ ಏರಿಸುತ್ತಿದ್ದಳು. ಅವಳಿಗೆ ಪರೀಕ್ಷೆ ಇದ್ದ ಒಂದು ಬೆಳಿಗ್ಗೆ ಮೌಶಿ ಬಂದು ಮಂಚದ ತುದಿಯಲ್ಲಿ ಕೂತಳು. ಸ್ವಲ್ಪ ಹೊತ್ತು ಚೀಲವನ್ನೇ ಹಿಡಿದುಕೊಂಡಿದ್ದಳು. ಆಮೇಲೆ ನನ್ನ ಹಿಮ್ಮಡಿಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡಳು. ಬೆರಳುಗಳಿಂದ ಶುರು ಮಾಡಿ ಒಂದೊಂದೇ ಮಡಿಕೆ ಬಿಡಿಸುತ್ತಾ, ಒತ್ತದೆ, ತಿಕ್ಕದೆ, ಹಾಲು ತುಂಬಿದ ಪಾತ್ರೆ ಹಿಡಿದವಳಂತೆ ಮೇಲೆ ತಂದಳು. ಅವಳ ಕೈ ಬಿಸಿಯಾಗಿತ್ತು.

ಆಗ ಕೇಳಿದೆ. ಬೈಯಲು ಅಲ್ಲ. ಅವಳು ಆ ದಿನ ಕೈ ಹಿಂದಕ್ಕೆ ತೆಗೆದುಕೊಂಡಿದ್ದರಿಂದಲೇ ನಾನು ಉಳಿದಿರಬಹುದು. ಅದನ್ನೂ ಹೇಳಿದೆ. ಡಾಕ್ಟರ್ ಬರೆದುಕೊಂಡದ್ದು ಸರಿಯೋ ತಪ್ಪೋ ಶ್ರೇಯಾಳ ಸಲುವಾಗಿ ತಿಳಿಯಬೇಕಾಗಿದೆ ಎಂದೂ ಹೇಳಿದೆ. ಮೌಶಿ ಮೊಣಕಾಲಿನ ಕೆಳಗಿನ ಅಂಚನ್ನು ಬೆರಳಿನಿಂದ ಒಂದು ಸುತ್ತು ಸರಿಮಾಡಿದಳು, ಬಿಗಿಯಿದೆಯೇ ಎಂದು ನೋಡಿದಳು. "ಚಹಾ ಇಡ್ತೀನಿ" ಎಂದು ಎದ್ದು ಹೋದಳು.

ಈಗ ಅವಳು ಸಂಭಾಜಿನಗರದಲ್ಲಿದ್ದಾಳೆ. ಆಗಾಗ ಫೋನ್ ಮಾಡಿ ಕಾಲು ಹ್ಯಾಂಗದ ಎಂದು ಕೇಳುತ್ತಾಳೆ. ಚೆನ್ನಾಗಿದೆ ಎನ್ನುತ್ತೇನೆ. ನಾನು ಮತ್ತೆ ಕೇಳಿಲ್ಲ, ಅವಳು ಮರೆತಿಲ್ಲ. ಆ ಬೆಳಿಗ್ಗೆ ನಾನು ಕೇಳಿದ್ದು ಇಷ್ಟೇ, ಈ ಮಾತುಗಳು ಮಾತ್ರ ತಪ್ಪಿಲ್ಲ ಎಂದು ನನಗೆ ಖಾತ್ರಿ:

"ಮೌಶಿ, ಡಾಕ್ಟರ್ ಹೇಳೋಕಿಂತ ಮೊದಲೇ, ನನ್ನ ಕಾಲಿಗಿ ಕೈ ಹಚ್ಚಬಾರದು ಅಂತ ನಿನಗ ಹ್ಯಾಂಗ ಗೊತ್ತಿತ್ತು?"